ಓದುಗರ ಪ್ರಶ್ನೆ, ನಮ್ಮ ಉತ್ತರ: ದಿನಬಳಕೆಗೆ ಮಸಿಪೆನ್ನು

ಮಸಿಪೆನ್ನಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಕಂಪೆನಿಯದು ಒಳ್ಳೆಯದು?’ ಎಂದು ಕೇಳುತ್ತವೆ. ಕಂಪೆನಿಯ ಹೆಸರಿಗಿಂತ ಮೊದಲು ಗೊತ್ತಾಗಬೇಕಾದದ್ದು ಬೇರೆ ಇದೆ: ಏನು ಬರೆಯುತ್ತೀರಿ, ಎಂಥ ಕಾಗದದ ಮೇಲೆ, ಯಾವ ಮಸಿಯಲ್ಲಿ, ಎಂಥ ಹವೆಯಲ್ಲಿ. ಕರಾವಳಿಯ ಕುಂಬಳೆಯ ಮಳೆಯ ಜುಲೈಗೂ ಒಣಹವೆಯ ಅಕ್ಕಲಕೋಟೆಯ ಏಪ್ರಿಲಿಗೂ ಒಂದೇ ಸಲಹೆ ಕೊಟ್ಟರೆ ಇಬ್ಬರಲ್ಲೊಬ್ಬರ ಪೆನ್ನು ಕೆಡುವುದು ಖಂಡಿತ. ಹಾಗಾಗಿ ಪತ್ರಗಳನ್ನು ಊರಿನ ಹೆಸರಿನೊಂದಿಗೇ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಬಾಲ್ ಪೆನ್ನಿನಲ್ಲಿ ತುಂಬ ಹೊತ್ತು ಬರೆದರೆ ಬೆರಳು ನೋಯುತ್ತದೆಂದು ಇಂಕ್ ಪೆನ್ನು ತೆಗೆದುಕೊಂಡೆ. ಈಗ ಅಕ್ಷರ ದಪ್ಪವಾಗಿ, ಒತ್ತಕ್ಷರಗಳೆಲ್ಲ ಮುದ್ದೆಯಾಗುತ್ತವೆ. ನಿಬ್ಬಿನ ಮೇಲೆ ‘ಎಮ್’ ಎಂದಿದೆ. ಪೆನ್ನು ಬದಲಿಸಬೇಕೇ?
(ವಿದ್ಯಾರ್ಥಿನಿ, ನೀರ್ಚಾಲು)

ಉತ್ತರ: ನಿಬ್ಬನ್ನು ಬದಲಿಸಬೇಕು. ‘ಎಮ್’ ಎಂದರೆ ಮೀಡಿಯಂ. ಯುರೋಪಿನ ಅಳತೆಯ ಮೀಡಿಯಂ ನಿಬ್ಬು ಸುಮಾರು 0.7 ಮಿಲಿಮೀಟರ್ ದಪ್ಪದ ಗೆರೆ ಎಳೆಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು, ನಮ್ಮ ಲಿಪಿಗೆ ಹೆಚ್ಚಾಯಿತು. ಲೆಕ್ಕ ಹಾಕಿ ನೋಡಿ: ಗೆರೆ ಹಾಕಿದ ನೋಟುಪುಸ್ತಕದಲ್ಲಿ ಸಾಲಿನಿಂದ ಸಾಲಿಗೆ ಸುಮಾರು 8 ಮಿಲಿಮೀಟರ್. ಅದರಲ್ಲಿ ಮೂಲಾಕ್ಷರಕ್ಕೆ ಮೂರು ಮಿಲಿಮೀಟರ್, ಮೇಲಿನ ಗುಣಿತದ ಗುರುತಿಗೂ ಸಾಲುಗಳ ನಡುವಿನ ಅಂತರಕ್ಕೂ ಇನ್ನೊಂದು ಮೂರು ಹೋದರೆ ಕೆಳಗಿನ ಒತ್ತಿಗೆ ಸಿಗುವುದು ಎರಡೇ. ಆ ಎರಡು ಮಿಲಿಮೀಟರಿನೊಳಗೆ ‘ಷ್ಟ್ರ’ದ ಟಕಾರವೂ ರಕಾರವೂ ಕೂರಬೇಕು. 0.7ರ ಗೆರೆಯಲ್ಲಿ ಒತ್ತಿನ ಸುರುಳಿ ಮುಚ್ಚಿಹೋಗದೆ ಬೇರೆ ದಾರಿಯಿಲ್ಲ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಪುಟ್ಟ ಸೀಳು. ಅದು ಮಸಿಯಲ್ಲಿ ತುಂಬಿಹೋದರೆ ಪೇಪರು ತಿದ್ದುವವರಿಗೆ ನೀವು ತಪ್ಪು ಬರೆದಂತೆಯೇ ಕಾಣುತ್ತದೆ.

ನಿಮಗೆ ಬೇಕಾದದ್ದು ‘ಎಫ್’ ಅಂದರೆ ಫೈನ್, ಅಥವಾ ‘ಇಎಫ್’ ಅಂದರೆ ಎಕ್ಸ್‌ಟ್ರಾ ಫೈನ್. ಇಲ್ಲೊಂದು ತೊಡಕಿದೆ. ಜಪಾನಿನವರ ಫೈನ್ ಯುರೋಪಿನವರ ಫೈನಿಗಿಂತ ತೆಳು. ಹೆಚ್ಚುಕಡಿಮೆ ಯುರೋಪಿನವರ ಎಕ್ಸ್‌ಟ್ರಾ ಫೈನಿಗೆ ಸಮ. ಪೈಲಟ್, ಪ್ಲಾಟಿನಂ, ಸೈಲರ್ ಜಪಾನಿನವು. ಇವುಗಳಲ್ಲಿ ಎಫ್ ತೆಗೆದುಕೊಂಡರೆ ಸಾಕು. ಲಾಮಿಯಂಥ ಜರ್ಮನ್ ಪೆನ್ನಾದರೆ ಇಎಫ್ ಕೇಳಿ. ಕಡಿಮೆ ಬೆಲೆಯಲ್ಲಿ ಪ್ಲಾಟಿನಂ ಪ್ರೆಪ್ಪಿ 03, ಇನ್ನೂ ಸಣ್ಣ ಅಕ್ಷರದವರಿಗೆ 02, ಕನ್ನಡಕ್ಕೆ ಚೆನ್ನಾಗಿ ಹೊಂದುತ್ತವೆ. ಸ್ವಲ್ಪ ಹೆಚ್ಚು ಕೊಡಬಹುದಾದರೆ ಪೈಲಟ್ ಕಾಕುನೋ. ಅದರ ಹಿಡಿತ ತ್ರಿಕೋನಾಕಾರವಾಗಿರುವುದರಿಂದ ಬಾಲ್ ಪೆನ್ನಿನಿಂದ ಬಂದವರ ಬೆರಳು ತಾನಾಗಿಯೇ ಸರಿಯಾದ ಜಾಗದಲ್ಲಿ ಕೂರುತ್ತದೆ.

ಮಂಗಳೂರಿಗೋ ಕಾಸರಗೋಡಿಗೋ ಹೋದಾಗ ಅಂಗಡಿಯಲ್ಲಿ ಬರೆದು ನೋಡಲು ಕೊಟ್ಟರೆ ಸಹಿ ಹಾಕಿ ನೋಡಬೇಡಿ. ಸಹಿ ಎಲ್ಲ ಪೆನ್ನಿನಲ್ಲೂ ಚೆಂದ ಬರುತ್ತದೆ. ‘ರಾಷ್ಟ್ರ, ಲಕ್ಷ್ಮಿ, ಸ್ತ್ರೀ, ಅರ್ಧ, ಕಥೆ’ ಎಂದು ನಿಮ್ಮ ಮಾಮೂಲಿ ಗಾತ್ರದಲ್ಲಿ, ನಿಮ್ಮದೇ ನೋಟುಪುಸ್ತಕದ ಹಾಳೆಯ ಮೇಲೆ ಬರೆಯಿರಿ. ಹಾಳೆಯನ್ನು ಮನೆಯಿಂದಲೇ ಒಯ್ಯಿರಿ. ಅಂಗಡಿಯವರು ಕೊಡುವ ನುಣುಪು ಕಾಗದದಲ್ಲಿ ಯಾವ ಮಸಿಯೂ ಹರಡುವುದಿಲ್ಲ. ಆಮೇಲೆ ಒಂದು ಹತ್ತು ‘ಠ’, ಹತ್ತು ‘ಣ’ ಬರೆಯಿರಿ. ಕನ್ನಡದ ಬರವಣಿಗೆಯಲ್ಲಿ ನಿಬ್ಬು ಎಲ್ಲ ದಿಕ್ಕಿಗೂ ತಿರುಗುತ್ತದೆ, ಎಡಕ್ಕೆ ಮೇಲಕ್ಕೆ ತಳ್ಳುವ ಗೆರೆಯೂ ಬಹಳ. ತುದಿಯನ್ನು ಚಪ್ಪಟೆ ಮಾಡಿದ ಇಟಾಲಿಕ್, ಸ್ಟಬ್ ಎಂಬ ನಿಬ್ಬುಗಳು ಇಂಥ ತಿರುವುಗಳಲ್ಲಿ ಕಾಗದಕ್ಕೆ ಸಿಕ್ಕಿಕೊಳ್ಳುತ್ತವೆ. ನೋಡಲು ಅಂದವೆಂದು ದಿನಬಳಕೆಗೆ ಅವನ್ನು ತರಬೇಡಿ.

ಬೆರಳು ನೋವಿನ ಮಾತು. ಬಾಲ್ ಪೆನ್ನಿನಲ್ಲಿ ಗುಂಡು ಉರುಳಬೇಕಾದರೆ ಒತ್ತಲೇಬೇಕು. ಮಸಿಪೆನ್ನಿಗೆ ಪೆನ್ನಿನ ಭಾರವೊಂದೇ ಸಾಕು, ಏಕೆಂದರೆ ನಿಬ್ಬಿನ ಸೀಳಿನಿಂದ ಮಸಿಯನ್ನು ಎಳೆದುಕೊಳ್ಳುವುದು ಕಾಗದವೇ. ಪೆನ್ನು ಬದಲಿಸಿಯೂ ಹಳೆಯ ಒತ್ತಡ ಬಿಡದಿದ್ದರೆ ನೋವೂ ಹೋಗುವುದಿಲ್ಲ, ನಿಬ್ಬಿನ ಎರಡು ಕವಲು ಅಗಲವಾಗಿ ಗೆರೆ ಇನ್ನಷ್ಟು ದಪ್ಪವಾಗುತ್ತದೆ. ಒಂದು ಪುಟ ಬರೆದ ಮೇಲೆ ಹಾಳೆಯ ಬೆನ್ನಿನ ಮೇಲೆ ಬೆರಳಾಡಿಸಿ. ಉಬ್ಬು ತಗುಲಿದರೆ ಒತ್ತುತ್ತಿದ್ದೀರಿ. ಪೆನ್ನನ್ನು ಕಾಗದಕ್ಕೆ 45ರಿಂದ 50 ಡಿಗ್ರಿ ಓರೆಯಲ್ಲಿ, ನಿಬ್ಬಿನ ಮುಖ ಮೇಲಕ್ಕೆ ಇರುವಂತೆ ಹಿಡಿಯಿರಿ, ಬರೆಯುತ್ತ ಬೆರಳಲ್ಲಿ ಉರುಳಿಸಬೇಡಿ. ಪರೀಕ್ಷೆಗೆ ಹೋಗುವ ಬೆಳಿಗ್ಗೆ ಮಸಿ ಪೂರ್ತಿ ತುಂಬಿಸಿ. ಅದೇ ಮಸಿಯ ಇನ್ನೊಂದು ಪೆನ್ನು ಪೆಟ್ಟಿಗೆಯಲ್ಲಿರಲಿ. ನಡುವೆ ಕಾರ್ಟ್ರಿಡ್ಜ್ (ಮಸಿ ತುಂಬಿಯೇ ಬರುವ ಬಿಡಿ ನಳಿಗೆ) ಬದಲಿಸಿದರೆ ಹೊಸ ಮಸಿ ತುದಿಗೆ ಇಳಿಯುವಷ್ಟರಲ್ಲಿ ಒಂದೆರಡು ನಿಮಿಷ ಹೋಗುತ್ತದೆ.

ಪ್ರಶ್ನೆ: ಆಧಾರ (ಆಸ್ತಿಯ ನೋಂದಣಿ ಪತ್ರ), ಕರಾರುಪತ್ರ, ರಿಜಿಸ್ಟರುಗಳಲ್ಲಿ ಬರೆಯುವ ಕೆಲಸ. ಮಾಮೂಲಿ ನೀಲಿ ಮಸಿಯ ಮೇಲೆ ನೀರು ಬಿದ್ದರೆ ಎಲ್ಲ ಅಳಿಸಿಹೋಗುತ್ತದೆ. ‘ಪರ್ಮನೆಂಟ್’ ಎಂದು ಬರೆದ ಮಸಿ ಪೆನ್ನನ್ನು ಕಟ್ಟಿಸುತ್ತದೆ ಎನ್ನುತ್ತಾರೆ. ಏನು ಬಳಸಲಿ?
(ಆಧಾರ ಬರಹಗಾರರು, ಕುಂಬಳೆ)

ಉತ್ತರ: ಬಾಟಲಿಯ ಮೇಲಿನ ‘ಪರ್ಮನೆಂಟ್’ ಎಂಬ ಮಾತನ್ನು ನಂಬಿ ಕೂರಬೇಡಿ, ಒಳಗೇನಿದೆ ಎಂದು ನೋಡಿ. ಶಾಲೆ ಮಕ್ಕಳು ಬಳಸುವ ರಾಯಲ್ ಬ್ಲೂ ಮಸಿಯಲ್ಲಿರುವುದು ನೀರಲ್ಲಿ ಕರಗುವ ಬಣ್ಣ. ಅದು ಪೆನ್ನಿಗೆ ತುಂಬ ಸುರಕ್ಷಿತ, ದಾಖಲೆಗೆ ಆಗದು. ದಾಖಲೆಗೆ ಒಗ್ಗುವವು ಎರಡು ಬಗೆ.

ಒಂದು, ಕಬ್ಬಿಣದ ಲವಣ ಮತ್ತು ಮರದ ಗಂಟುಕಾಯಿಯ ಒಗರು ಸೇರಿಸಿ ಮಾಡುವ ಐರನ್ ಗಾಲ್ ಮಸಿ. ಬರೆಯುವಾಗ ನೀಲಿಯಾಗಿದ್ದು ಗಾಳಿಯ ಆಮ್ಲಜನಕ ತಾಗಿ ಗಂಟೆಗಳಲ್ಲಿ ಕಪ್ಪಾಗುತ್ತ ಹೋಗುತ್ತದೆ, ಕಾಗದದ ನಾರಿನೊಳಗೇ ಕೂತುಬಿಡುತ್ತದೆ. ರಿಜಿಸ್ಟ್ರಾರ್ಸ್ ಇಂಕ್ ಎಂದು ಮಾರುವುದು ಇದನ್ನೇ. ಇದು ಆಮ್ಲೀಯ. ಸ್ಟೇನ್‌ಲೆಸ್ ಸ್ಟೀಲಿನ ಅಥವಾ ಚಿನ್ನದ ನಿಬ್ಬಿಗೆ ತೊಂದರೆಯಿಲ್ಲ, ಆದರೆ ಅಗ್ಗದ ಲೋಹಲೇಪನದ ನಿಬ್ಬು ಕ್ರಮೇಣ ಕಪ್ಪಿಡುತ್ತದೆ. ಪೆನ್ನಿನೊಳಗೆ ಒಣಗಿದರೆ ನೀರಿಗೆ ಬಗ್ಗದ ಹೊಟ್ಟು ಉಳಿಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಪೂರ್ತಿ ತೊಳೆಯುವುದು ತಪ್ಪಬಾರದು.

ಇನ್ನೊಂದು, ಪಿಗ್ಮೆಂಟ್ ಮಸಿ. ಪ್ಲಾಟಿನಂ ಕಂಪೆನಿಯ ಕಾರ್ಬನ್ ಬ್ಲ್ಯಾಕ್, ಸೈಲರಿನ ಕಿವಾಗುರೋ ಈ ಜಾತಿಯವು. ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಒಣಗಿದ ಮೇಲೆ ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ. ದಿನವೂ ಬರೆಯುವವರಿಗೆ ಇದು ಬಹಳ ಒಳ್ಳೆಯದು, ವಾರಗಟ್ಟಲೆ ಪೆನ್ನು ಮುಟ್ಟದವರಿಗೆ ಖಂಡಿತ ಬೇಡ. ನಿಮ್ಮದು ದಿನದ ಕೆಲಸವಾದ್ದರಿಂದ ಪಿಗ್ಮೆಂಟನ್ನೇ ನಾವು ಮೊದಲು ಹೇಳುತ್ತೇವೆ.

ಚಿತ್ರ ಬರೆಯುವವರ ಇಂಡಿಯನ್ ಇಂಕ್ ಮಾತ್ರ ಯಾವ ಕಾರಣಕ್ಕೂ ಮಸಿಪೆನ್ನಿಗೆ ಹಾಕಬಾರದು. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ. ಒಮ್ಮೆ ಒಣಗಿದರೆ ಪೆನ್ನು ಹೋದಂತೆಯೇ.

ಯಾವ ಮಸಿ ಕೊಂಡರೂ ದಾಖಲೆಯಲ್ಲಿ ಬಳಸುವ ಮೊದಲು ನೀವೇ ಪರೀಕ್ಷಿಸಿ. ನಿಮ್ಮ ಮುದ್ರಾಪತ್ರಕ್ಕೆ ಹತ್ತಿರವಾದ ಕಾಗದದಲ್ಲಿ ನಾಲ್ಕು ಸಾಲು ಬರೆದು ಒಂದು ದಿನ ಬಿಡಿ. ಅರ್ಧ ಹಾಳೆಯನ್ನು ನೀರಲ್ಲಿ ಅರ್ಧ ಗಂಟೆ ಮುಳುಗಿಸಿ ಒಣಗಿಸಿ, ಉಳಿದರ್ಧದೊಂದಿಗೆ ಹೋಲಿಸಿ. ಬಣ್ಣ ಕೊಂಚ ಮಾಸಿದ್ದರೂ ಓದಲು ಬಂದರೆ ಸಾಕು. ನೀಲಿ ಹೋಗಿ ಕಪ್ಪು ಉಳಿದರೆ ಅದು ಐರನ್ ಗಾಲ್; ಅದರ ಗುಣವೇ ಹಾಗೆ. ಕಾರ್ಬನ್ ಪ್ರತಿ ತೆಗೆಯಬೇಕಾದ ನಮೂನೆಗಳಿಗೆ ಬಾಲ್ ಪೆನ್ನೇ ಇರಲಿ. ನಿಬ್ಬನ್ನು ಒತ್ತಿ ಪ್ರತಿ ತೆಗೆಯಲು ಹೋದರೆ ಕವಲು ಅಗಲಿಬಿಡುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಅದೇ ಪೆನ್ನು, ಅದೇ ಮಸಿ, ಅದೇ ಪುಸ್ತಕ, ಆದರೂ ಗೆರೆಯ ಅಂಚಿಗೆ ಬೇರು ಒಡೆದಂತೆ ಮಸಿ ಹರಡುತ್ತದೆ. ಬಾಟಲಿಯೊಳಗೆ ಬಿಳಿ ಪೊರೆಯಂಥದ್ದು ತೇಲುತ್ತಿದೆ. ಸೋಸಿ ಬಳಸಬಹುದೇ?
(ನಿವೃತ್ತ ಶಿಕ್ಷಕಿ, ಮಂಜೇಶ್ವರ)

ಉತ್ತರ: ಸೋಸಬೇಡಿ, ಚೆಲ್ಲಿಬಿಡಿ. ಅದು ಬೂಷ್ಟು. ಕಣ್ಣಿಗೆ ಕಾಣುವ ಪೊರೆ ತೆಗೆದರೂ ಕಾಣದ ಬೀಜ ಮಸಿಯಲ್ಲಿಯೇ ಇರುತ್ತದೆ, ಪೆನ್ನಿನೊಳಗೆ ಹೋಗಿ ಫೀಡಿನ ಕಾಲುವೆಯಲ್ಲಿ ಬೆಳೆಯುತ್ತದೆ. ನಿಬ್ಬಿನ ಅಡಿಯಲ್ಲಿ ಗೀರುಗೀರಾಗಿ ಕಾಣುವ ಕಪ್ಪು ಭಾಗವೇ ಫೀಡ್. ಕೂದಲೆಳೆಯಷ್ಟು ಸಪೂರ ಕಾಲುವೆಯೊಂದರಲ್ಲಿ ಮಸಿ ಕೆಳಗಿಳಿದಷ್ಟೇ ಗಾಳಿ ಮೇಲೆ ಹೋಗುವ ವ್ಯವಸ್ಥೆ ಅಲ್ಲಿದೆ. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಈ ಏರ್ಪಾಟಿನ ತತ್ತ್ವವೇ ಇಂದಿನ ಪೆನ್ನುಗಳಲ್ಲೂ ಇದೆ. ಅಂಥ ಕಾಲುವೆಯಲ್ಲಿ ಬೂಷ್ಟಿನ ಒಂದು ಎಳೆ ಕೂತರೆ ಬರವಣಿಗೆ ನಿಂತಿತು.

ಆ ಮಸಿ ತುಂಬಿಸಿದ್ದ ಪೆನ್ನನ್ನು ಬಿಚ್ಚಿ, ಹತ್ತು ಭಾಗ ನೀರಿಗೆ ಒಂದು ಭಾಗ ಮನೆಬಳಕೆಯ ಅಮೋನಿಯಾ ದ್ರಾವಣ ಮತ್ತು ಪಾತ್ರೆ ತೊಳೆಯುವ ದ್ರವದ ಒಂದೇ ತೊಟ್ಟು ಬೆರೆಸಿ ನಿಬ್ಬಿನ ಭಾಗವನ್ನು ಅದರಲ್ಲಿ ಒಂದೆರಡು ಗಂಟೆ ನೆನೆಸಿ. ಆಮೇಲೆ ಬರೀ ನೀರಲ್ಲಿ ವಾಸನೆ ಹೋಗುವವರೆಗೆ ತೊಳೆಯಿರಿ. ಅಮೋನಿಯಾದೊಂದಿಗೆ ಬ್ಲೀಚಿಂಗ್ ಯಾವುದನ್ನೂ ಸೇರಿಸಬೇಡಿ, ವಿಷದ ಅನಿಲ ಏಳುತ್ತದೆ. ಕನ್ವರ್ಟರ್, ಅಂದರೆ ಬಾಟಲಿಯಿಂದ ಮಸಿ ಎಳೆದುಕೊಳ್ಳುವ ಒಳಗಿನ ಬಿಡಿ ನಳಿಗೆ, ಹೊಸದೇ ಹಾಕಿ. ಅದರ ಪಿಸ್ಟನ್ನಿನ ಹಿಂದೆ ಅಡಗಿದ ಬೂಷ್ಟನ್ನು ತೆಗೆಯುವುದು ಕಷ್ಟ.

ಮುಂದೆ ಹೀಗಾಗದಿರಲು, ಬರೆಯುತ್ತಿದ್ದ ಪೆನ್ನನ್ನು ನೇರವಾಗಿ ದೊಡ್ಡ ಬಾಟಲಿಗೆ ಅದ್ದುವ ಅಭ್ಯಾಸ ಬಿಡಿ. ಕಾಗದದ ನಾರು, ಬೆರಳಿನ ಬೆವರು, ಎಣ್ಣೆ ಎಲ್ಲ ಬಾಟಲಿಗೆ ಸೇರುವುದು ಹಾಗೆಯೇ. ಎರಡು ಮೂರು ಮಿಲಿಲೀಟರ್ ಮಸಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಸಣ್ಣ ಶೀಶೆಗೆ ತೆಗೆದು ಅಲ್ಲಿಂದ ತುಂಬಿಸಿ. ಉಳಿದುದನ್ನು ಬಾಟಲಿಗೆ ವಾಪಸು ಸುರಿಯಬೇಡಿ.

ಮಸಿ ಹರಡುವುದಕ್ಕೆ ಕಾರಣ ಕಾಗದ. ಕಾಗದ ಮಸಿಯನ್ನು ಗಬಕ್ಕನೆ ಹೀರದಿರಲೆಂದು ತಯಾರಿಸುವಾಗಲೇ ಅದಕ್ಕೆ ಅಂಟು ಹಾಕಿರುತ್ತಾರೆ. ನಮ್ಮ ಕರಾವಳಿಯ ಜೂನ್ ಜುಲೈಯ ಹವೆಯಲ್ಲಿ ಹಾಳೆ ತೇವ ಕುಡಿದು ನಾರು ಉಬ್ಬಿ, ಆ ತಡೆ ಸಡಿಲವಾಗುತ್ತದೆ. ಪುಸ್ತಕವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ ಇಡಿ. ಆ ದಿನಕ್ಕೆ ಬೇಕಾದ ಪುಸ್ತಕ ಮಾತ್ರ ಹೊರಗಿರಲಿ. ಮಳೆ ಮುಗಿಯುವವರೆಗೆ ಒಂದಳತೆ ಸಪೂರ ನಿಬ್ಬನ್ನೂ, ಕಡಿಮೆ ಹರಿಯುವ ಮಸಿಯನ್ನೂ ಬಳಸಿ. ಐರನ್ ಗಾಲ್ ಇಲ್ಲಿಯೂ ಕೆಲಸಕ್ಕೆ ಬರುತ್ತದೆ, ಅದು ಬಹುತೇಕ ಹರಡುವುದಿಲ್ಲ. ಬರೆಯುವಾಗ ಅಂಗೈ ಕೆಳಗೆ ಒಂದು ಬೇರೆ ಕಾಗದ ಇಟ್ಟುಕೊಳ್ಳಿ; ಅಂಗೈಯ ಎಣ್ಣೆ ತಾಗಿದ ಜಾಗದಲ್ಲಿ ಮಸಿ ಹಿಡಿಯದೆ ಗೆರೆ ತುಂಡಾಗುತ್ತದೆ, ಅದನ್ನು ಎಷ್ಟೋ ಮಂದಿ ನಿಬ್ಬಿನ ದೋಷವೆಂದೇ ತಿಳಿಯುತ್ತಾರೆ.

ಪ್ರಶ್ನೆ: ನಮ್ಮ ಕಡೆ ಬ್ಯಾಸಗಿ ಒಳಗ ಕ್ಯಾಪ್ ತಗದು ಎರಡು ಮಿನಿಟ ವಿಚಾರ ಮಾಡಕೋತ ಕುಂತರ ಸಾಕು, ಮುಂದ ಪೆನ್ನ ಬರಿಯಂಗಿಲ್ಲ. ಝಾಡಿಸಿದರ ಮಸಿ ಅಂಗಿ ಮ್ಯಾಲ. ಬೋರಿನ ನೀರಿಂದ ತೊಳದ ಮ್ಯಾಲ ತ್ರಾಸ ಇನ್ನೂ ಹೆಚ್ಚಾಗ್ಯದ. ಏನ ಮಾಡಬೇಕ್ರಿ?
(ಪ್ರಾಥಮಿಕ ಶಾಲೆಯ ಗುರುಗಳು, ಅಕ್ಕಲಕೋಟೆ)

ಉತ್ತರ: ಗುರುಗಳೇ, ನಿಮ್ಮಲ್ಲಿ ಎರಡು ತೊಂದರೆ ಕೂಡಿಕೊಂಡಿವೆ. ಒಣ ಗಾಳಿಗೆ ನಿಬ್ಬಿನ ತುದಿಯ ನೀರು ಬೇಗ ಆರುತ್ತದೆ, ಮಸಿ ಮಂದವಾಗಿ ಸೀಳಿನಲ್ಲಿ ನಿಲ್ಲುತ್ತದೆ. ಇದಕ್ಕೆ ಬರೆಯದಾಗ ಮುಚ್ಚಳ ಹಾಕುವುದೇ ಮೊದಲ ಮದ್ದು. ಆದರೆ ಮುಚ್ಚಳದೊಳಗೂ ಗಾಳಿಯಾಡುವ ಪೆನ್ನು ಬಹಳ. ನಿಮ್ಮ ಪೆನ್ನಿನ ಮುಚ್ಚಳವನ್ನು ಒಣಗಿಸಿ, ಅದರ ಬಾಯನ್ನು ತುಟಿಗಿಟ್ಟು ಊದಿ ನೋಡಿ. ಗಾಳಿ ಸರಾಗ ಹೊರಟರೆ ಕ್ಲಿಪ್ಪಿನ ಬುಡದಲ್ಲೋ ತುದಿಯಲ್ಲೋ ರಂಧ್ರವಿದೆ, ಒಳಮುಚ್ಚಳವಿಲ್ಲ ಎಂದರ್ಥ. ಅಂಥ ಪೆನ್ನು ಒಣಹವೆಯ ಊರಿಗೆ ಒಗ್ಗದು. ಪ್ಲಾಟಿನಂ ಕಂಪೆನಿಯ ಪೆನ್ನುಗಳಲ್ಲಿ ಸ್ಪ್ರಿಂಗಿನ ಒಳಮುಚ್ಚಳ ಬಂದು ನಿಬ್ಬಿನ ಸುತ್ತ ಬಿಗಿಯಾಗಿ ಕೂರುತ್ತದೆ. ಕಡಿಮೆ ಬೆಲೆಯ ಪ್ರೆಪ್ಪಿಯಲ್ಲೂ ಅದಿದೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯವರಿಗೆ ಇದೊಂದೇ ಕಾರಣಕ್ಕೆ ನಾವು ಅದನ್ನು ಹೇಳುವುದು.

ಇನ್ನು ಬೋರಿನ ನೀರು. ಅದರಲ್ಲಿ ಸುಣ್ಣದ ಲವಣ ಹೆಚ್ಚು. ಪಾತ್ರೆಯ ಅಡಿಯಲ್ಲಿ ಬಿಳಿ ಪದರ ಕಟ್ಟುವ ನೀರು ಫೀಡಿನ ಕಾಲುವೆಯಲ್ಲೂ ಅದನ್ನೇ ಮಾಡುತ್ತದೆ. ತೊಳೆಯುವುದು ಯಾವ ನೀರಲ್ಲಾದರೂ ಆಗಲಿ, ಕೊನೆಯ ಮೂರು ನಾಲ್ಕು ಸಲ ಜಾಲಾಡಿಸುವುದು ಡಿಸ್ಟಿಲ್ಡ್ ವಾಟರಿನಲ್ಲಿ ಆಗಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆ್ಯಸಿಡ್ ಬೆರೆಸಿದ್ದಲ್ಲ, ಬರೀ ನೀರು ಎಂದು ಕೇಳಿ ತನ್ನಿ. ಈಗ ಕಟ್ಟಿರುವ ಪೆನ್ನನ್ನು ಅದೇ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಕನ್ವರ್ಟರಿನಿಂದ ನೀರು ಎಳೆದು ಬಿಡುವುದನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ಮಾಡಿ.

ಬೇಸಗೆಯಲ್ಲಿ ಕನ್ವರ್ಟರಿನ ಮಸಿಯೇ ಗಟ್ಟಿಯಾಗಿ ಬಣ್ಣ ಕಡುವಾದರೆ ಡಿಸ್ಟಿಲ್ಡ್ ವಾಟರಿನ ಒಂದು ತೊಟ್ಟು ಸೇರಿಸಬಹುದು. ಹೆಚ್ಚಿನ ಕನ್ವರ್ಟರುಗಳಲ್ಲಿ ಹಿಡಿಯುವುದೇ 0.4ರಿಂದ 1 ಮಿಲಿಲೀಟರ್; ಎರಡು ತೊಟ್ಟಾದರೆ ಮಸಿ ನೀರಾಯಿತು. ಝಾಡಿಸುವುದನ್ನು ಬಿಟ್ಟುಬಿಡಿ. ನಿಬ್ಬಿನ ತುದಿಯನ್ನು ಒದ್ದೆ ಬಟ್ಟೆಗೆ ಎರಡು ಸೆಕೆಂಡ್ ತಾಗಿಸಿ ಹಿಡಿದರೆ ಮಸಿ ತಾನಾಗಿ ಇಳಿಯುತ್ತದೆ, ಅಂಗಿಯೂ ಉಳಿಯುತ್ತದೆ.

ಪ್ರಶ್ನೆ: ರಾಜಮಹೇಂದ್ರಿಯಿಂದ ತರಿಸಿದ ಎಬೊನೈಟ್ ಪೆನ್ನು, ಡ್ರಾಪರಿನಿಂದ ಮಸಿ ಹಾಕುವಂಥದ್ದು. ಚೆನ್ನಾಗಿ ಬರೆಯುತ್ತದೆ, ಆದರೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ಹಾಳೆಯ ಮೇಲೆ ದೊಡ್ಡ ಹನಿ ಬೀಳುತ್ತದೆ. ಬಿಸಿಲಿಗೆ ಹೀಗಾಗುತ್ತದೆ ಎನ್ನುತ್ತಾರೆ. ನಿಜವೇ?
(ಹತ್ತಿ ವ್ಯಾಪಾರಿ, ಆದವಾನಿ)

ಉತ್ತರ: ಬಿಸಿಲಿಗಲ್ಲ, ಬಿಸಿಯ ಏರಿಳಿತಕ್ಕೆ. ಡ್ರಾಪರ್ ಪೆನ್ನಿನಲ್ಲಿ ಕೊಳವೆಯೇ ಮಸಿಯ ತೊಟ್ಟಿ. ಮಸಿ ಖರ್ಚಾದಂತೆ ಆ ಜಾಗವನ್ನು ಗಾಳಿ ತುಂಬುತ್ತದೆ. ಗಾಳಿ ಬಿಸಿಯಾದರೆ ಹಿಗ್ಗಿ ಕೆಳಗಿನ ಮಸಿಯನ್ನು ದೂಡುತ್ತದೆ. ಫೀಡಿನ ಗೀರುಗಳು ಸ್ವಲ್ಪ ಹೆಚ್ಚುವರಿ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಅವೂ ತುಂಬಿದರೆ ಹನಿ ಬೀಳುತ್ತದೆ. ಏಸಿ ಹಾಕಿದ ಕೋಣೆಯಲ್ಲಿ ತಣ್ಣಗಿದ್ದ ಪೆನ್ನನ್ನು ಜೇಬಿಗೆ ಹಾಕಿ 40 ಡಿಗ್ರಿಯ ಬಿಸಿಲಿಗೆ ಬಂದಿರಿ, ಅಂಗಡಿಯಲ್ಲಿ ಕೂತು ಮುಚ್ಚಳ ತೆಗೆದಿರಿ ಎನ್ನಿ, ಆಗ ಬೀಳುತ್ತದೆ. ಇಡೀ ದಿನ ಒಂದೇ ಸೆಕೆಯಲ್ಲಿದ್ದ ಪೆನ್ನು ಮಸಿ ಕಾರುವುದು ಅಪರೂಪ. ಚಳಿಗಾಲದ ಬೆಳಿಗ್ಗೆ ಕೈಯ ಬಿಸಿಯೇ ಸಾಕು.

ಕೊಳವೆಯಲ್ಲಿ ಗಾಳಿ ಹೆಚ್ಚಿದ್ದಷ್ಟೂ ದೂಡುವ ಬಲ ಹೆಚ್ಚು. ಮಸಿ ಮೂರನೇ ಒಂದು ಭಾಗಕ್ಕೆ ಇಳಿಯಿತೋ, ತುಂಬಿಸಿ. ಪೂರ್ತಿ ಖಾಲಿಯಾಗಲೆಂದು ಕಾಯುವವರ ಪೆನ್ನೇ ಹನಿ ಬೀಳಿಸುವುದು. ತುಂಬಿಸುವಾಗ ಕೊಳವೆಯನ್ನು ನೆಟ್ಟಗೆ ಹಿಡಿದು, ಬಾಯಿಯ ಮರೆಯ (ತಿರುಪಿನ ಗೀರುಗಳ) ಕೆಳಗಿನವರೆಗೆ ಮಾತ್ರ ಹಾಕಿ; ಅಂಚಿನವರೆಗೆ ಹಾಕಿದರೆ ತಿರುಗಿಸುವಾಗಲೇ ಹೊರ ಉಕ್ಕುತ್ತದೆ. ಮರೆಗೆ ಗುಂಡುಸೂಜಿಯ ತಲೆಯಷ್ಟು ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಬೇಡ, ಅದು ರಬ್ಬರಿನ ಬಳೆಗಳನ್ನು ಮೆತ್ತಗಾಗಿಸುತ್ತದೆ. ಕೈಯಲ್ಲಿ ಸುಮ್ಮನೆ ಬಿಗಿಯಾಗುವಷ್ಟು ತಿರುಗಿಸಿ ನಿಲ್ಲಿಸಿ. ಜೇಬಿನಲ್ಲಿ ನಿಬ್ಬು ಮೇಲ್ಮುಖವಾಗಿರಲಿ, ಮುಚ್ಚಳ ತೆಗೆಯುವುದೂ ನಿಬ್ಬು ಮೇಲೆ ಮಾಡಿಯೇ. ಆಗ ಹಿಗ್ಗಿದ ಗಾಳಿ ಮಸಿಯನ್ನು ದೂಡದೆ ತಾನೇ ಹೊರಗೆ ಹೋಗುತ್ತದೆ.

ನಿಮ್ಮ ಆಯ್ಕೆ ಮಾತ್ರ ಸರಿಯಾಗಿದೆ. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರೇ ಎಬೊನೈಟ್, ಅದು ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಲೋಹದ ಕೊಳವೆಯ ಪೆನ್ನನ್ನು ಡ್ರಾಪರ್ ಮಾಡಿಕೊಂಡವರಿಗೆ ಈ ತೊಂದರೆ ಇನ್ನೂ ಹೆಚ್ಚು. ಸ್ವದೇಶಿ ಚಳವಳಿಯ ಕಾಲದಲ್ಲಿ, 1932ರಲ್ಲಿ ರಾಜಮಹೇಂದ್ರಿಯಲ್ಲಿ ರತ್ನಂ ಪೆನ್ನು ಹುಟ್ಟಿತು; ಗಾಂಧೀಜಿಯವರಿಗೂ ಅಲ್ಲಿಯ ಪೆನ್ನು ತಲುಪಿತ್ತು. ಚೆನ್ನೈಯ ಗಾಮಾ, ತಿರುವಳ್ಳೂರಿನ ರಂಗಾ ಕೂಡ ಎಬೊನೈಟಿನ ಸಲಾಕೆಯನ್ನು ಲೇತಿನಲ್ಲಿ ಕಡೆದು ಪೆನ್ನು ಮಾಡುವವರು. ಇಂಥ ಪೆನ್ನಿನ ದೊಡ್ಡ ಲಾಭವೆಂದರೆ ಅದರ ನಿಬ್ಬು, ಫೀಡು, ಮರೆ ಎಲ್ಲವನ್ನೂ ರಿಪೇರಿ ಮಾಡಬಹುದು. ಬಿಸಿ ನೀರಲ್ಲಿ ತೊಳೆಯಬೇಡಿ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ಎರಡರಿಂದಲೂ ಕಪ್ಪು ಎಬೊನೈಟ್ ಕಂದುಹಸಿರಿಗೆ ತಿರುಗುತ್ತದೆ, ಆಮೇಲೆ ಪಾಲಿಶ್ ಉಜ್ಜಿಯೇ ತೆಗೆಯಬೇಕು.

ಪ್ರಶ್ನೆ: ಸಾಕಷ್ಟು ದುಡ್ಡು ಕೊಟ್ಟು ತಂದ ಹೊಸ ಪೆನ್ನು ಕಾಗದವನ್ನು ಕೆರೆಯುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಸರಿಯಾಗುತ್ತದೆಂದು ಒಬ್ಬರು ಹೇಳಿದರು. ಚಿನ್ನದ ನಿಬ್ಬಾದರೆ ಈ ತೊಂದರೆ ಇರುವುದಿಲ್ಲವೇ?
(ಕಾರ್ಖಾನೆ ಉದ್ಯೋಗಿ, ಹೊಸೂರು)

ಉತ್ತರ: ಸ್ಯಾಂಡ್ ಪೇಪರ್ ಮುಟ್ಟಬೇಡಿ. ಗಡಿಯಾರ ರಿಪೇರಿಯವರ ಹತ್ತಿರ ಇರುವ ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿಯಲ್ಲಿ ನಿಬ್ಬಿನ ತುದಿಯನ್ನು ಎದುರಿನಿಂದ ನೋಡಿ. ಸೀಳಿನ ಎರಡು ಬದಿಯ ಗುಂಡು ತುದಿಗಳು ಒಂದೇ ಮಟ್ಟದಲ್ಲಿರಬೇಕು. ಹೊಸ ಪೆನ್ನು ಕೆರೆಯುವುದಕ್ಕೆ ಬಹಳ ಸಲ ಕಾರಣ ಒಂದು ಮೇಲೆ ಒಂದು ಕೆಳಗೆ ಇರುವುದೇ. ಕನ್ನಡಿ ಇಲ್ಲದೆಯೂ ಸುಳಿವು ಸಿಗುತ್ತದೆ: ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಗೆರೆ ಎಳೆದು ನೋಡಿ, ಒಂದು ದಿಕ್ಕಿಗೆ ಮಾತ್ರ ಕೆರೆದರೆ ತುದಿ ಮೇಲೆ ಕೆಳಗಾಗಿದೆ. ಎಲ್ಲ ದಿಕ್ಕಿಗೂ ಕೆರೆದರೆ ತುದಿಯೇ ಒರಟು.

ಮೇಲೆ ಕೆಳಗಾಗಿದ್ದರೆ, ಮೇಲಿರುವ ಕವಲನ್ನು ಹೆಬ್ಬೆರಳಿನ ಉಗುರಿನಿಂದ ಫೀಡಿನ ಕಡೆಗೆ ಮೆಲ್ಲನೆ ಒತ್ತಿ ಎರಡು ಮೂರು ಸೆಕೆಂಡ್ ಹಿಡಿದು ಬಿಡಿ. ಮತ್ತೆ ನೋಡಿ, ಮತ್ತೆ ಒತ್ತಿ. ಒಂದೇ ಸಲಕ್ಕೆ ಸರಿ ಮಾಡಲು ಹೋದವರು ನಿಬ್ಬು ಸೊಟ್ಟ ಮಾಡುತ್ತಾರೆ. ಒರಟಾಗಿದ್ದರೆ ಮಾತ್ರ 12,000 ಗ್ರಿಟ್ಟಿನ ಮೈಕ್ರೋಮೆಶ್ ಎಂಬ ನಯವಾದ ಹಾಳೆಯ ಮೇಲೆ, ಮಸಿ ತುಂಬಿದ ಪೆನ್ನಿನಿಂದ, ಒತ್ತದೆ, ಇಂಗ್ಲಿಷಿನ ಎಂಟರ ಆಕಾರವನ್ನು ನಾಲ್ಕೈದು ಸಲ ಬರೆದು ಕಾಗದದಲ್ಲಿ ಪರೀಕ್ಷಿಸಿ. ಹೆಚ್ಚು ಉಜ್ಜಿದರೆ ಸೀಳಿನ ಒಳ ಅಂಚು ದುಂಡಗಾಗಿ, ತುದಿ ಕಾಗದಕ್ಕೆ ತಾಗಿದರೂ ಮಸಿ ತಾಗುವುದಿಲ್ಲ. ಪ್ರತಿ ಅಕ್ಷರದ ಮೊದಲ ಗೆರೆ ಬಾರದ ಪೆನ್ನುಗಳ ರೋಗ ಅದೇ. ವಾರಂಟಿ ಇದ್ದರೆ ಇದ್ಯಾವುದನ್ನೂ ಮಾಡದೆ ಅಂಗಡಿಗೆ ವಾಪಸು ಕೊಡಿ.

ಚಿನ್ನದ ನಿಬ್ಬೂ ಕೆರೆಯಬಹುದು. 14 ಕ್ಯಾರಟ್ಟಿನದಾಗಲಿ ಸ್ಟೀಲಿನದಾಗಲಿ, ಕಾಗದಕ್ಕೆ ತಾಗುವ ತುದಿಯಲ್ಲಿ ಬೆಸೆದಿರುವುದು ಬೇರೆಯೇ ಗಟ್ಟಿ ಮಿಶ್ರಲೋಹ. ನಯ ಬರುವುದು ಆ ತುದಿಯನ್ನು ಎಷ್ಟು ಚೆನ್ನಾಗಿ ಉಜ್ಜಿದ್ದಾರೆ ಎಂಬುದರಿಂದ. ಚಿನ್ನ ಆಮ್ಲಕ್ಕೆ ಕೆಡುವುದಿಲ್ಲ, ಕೆಲವು ನಿಬ್ಬು ಕೊಂಚ ಮೆತ್ತಗಿರುತ್ತದೆ, ಅಷ್ಟೇ. ಮೊದಲ ಪೆನ್ನಿಗೆ ಅಷ್ಟು ಹಣ ಹಾಕುವುದಕ್ಕಿಂತ ಒಳ್ಳೆಯ ಸ್ಟೀಲ್ ನಿಬ್ಬಿನ ಪೆನ್ನು, ಒಳ್ಳೆಯ ಮಸಿ ಮತ್ತು ಒಳ್ಳೆಯ ಕಾಗದ ಮೂರನ್ನೂ ಕೊಳ್ಳಿ.

ಪ್ರಶ್ನೆ: ಎಷ್ಟು ಜಿಎಸ್‌ಎಮ್ ಕಾಗದ ಬೇಕು? ಇಲ್ಲಿ ಸಿಗುವ ನೋಟುಪುಸ್ತಕಗಳಲ್ಲಿ ಬೆನ್ನ ಬದಿಗೂ ಮಸಿ ಇಳಿಯುತ್ತದೆ.
(ಕಾಲೇಜು ವಿದ್ಯಾರ್ಥಿ, ತಾಳವಾಡಿ)

ಉತ್ತರ: 80ಕ್ಕೆ ಕಡಿಮೆಯಿಲ್ಲದ್ದು ನೋಡಿ. ಆದರೆ ಜಿಎಸ್‌ಎಮ್ ಹೇಳುವುದು ಒಂದು ಚದರ ಮೀಟರ್ ಕಾಗದದ ತೂಕವನ್ನು ಮಾತ್ರ. ಅಂಟು ಸರಿಯಾಗಿಲ್ಲದ 100 ಜಿಎಸ್‌ಎಮ್ ಕಾಗದದಲ್ಲೂ ಮಸಿ ಇಳಿಯುತ್ತದೆ. ಕೊನೆಯ ಹಾಳೆಯ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ನಿಬ್ಬನ್ನು ಮೂರು ಸೆಕೆಂಡ್ ಅಲ್ಲೇ ಹಿಡಿದು ತಿರುವಿ ನೋಡಿ. ಚುಕ್ಕೆ ಹಿಂದಕ್ಕೆ ಬಂದಿರದಿದ್ದರೆ ಆ ಪುಸ್ತಕ ತೆಗೆದುಕೊಳ್ಳಬಹುದು.

ಪ್ರಶ್ನೆ: ತಂದೆಯವರು ಬಳಸುತ್ತಿದ್ದ ಹೀರೋ ಪೆನ್ನು ಸಿಕ್ಕಿದೆ. ನಿಬ್ಬು ಬಹುಪಾಲು ಒಳಗೇ ಇದೆ, ಹಿಂದೆ ಒತ್ತಿ ಮಸಿ ಎಳೆಯುವ ಲೋಹದ ಪಟ್ಟಿ ಇದೆ. ಒತ್ತಿದರೆ ಏನೂ ಬರುವುದಿಲ್ಲ. ಮತ್ತೆ ಬರೆಯುವಂತೆ ಮಾಡಬಹುದೇ?
(ಗೃಹಿಣಿ, ಮಡಕಶಿರಾ)

ಉತ್ತರ: ಬಹುಮಟ್ಟಿಗೆ ಸಾಧ್ಯ. ಒಳಗೆ ಕಲ್ಲಾಗಿರುವುದು ಹಳೆಯ ಮಸಿ. ಒಂದು ಲೋಟದಲ್ಲಿ ಎರಡು ಬೆರಳಷ್ಟು ತಣ್ಣೀರು ಹಾಕಿ ಪೆನ್ನಿನ ಮುಂಭಾಗ ಮುಳುಗುವಂತೆ ನಿಲ್ಲಿಸಿ, ದಿನಕ್ಕೆರಡು ಸಲ ನೀರು ಬದಲಿಸಿ. ಮೊದಲ ಎರಡು ದಿನ ನೀರು ಕಡುನೀಲಿಯಾಗುತ್ತಲೇ ಇರುತ್ತದೆ. ಪಟ್ಟಿಯನ್ನು ಬಲವಾಗಿ ಒತ್ತಬೇಡಿ, ಒಳಗಿನ ಚೀಲ ಒಣಗಿ ಪೆಡಸಾಗಿದ್ದರೆ ಬಿರಿಯುತ್ತದೆ. ಮೂರನೇ ದಿನ ಮೆಲ್ಲನೆ ಒತ್ತಿ ನೋಡಿ. ಗುಳ್ಳೆ ಬಂದರೆ ದಾರಿ ಬಿಟ್ಟಿದೆ. ಒತ್ತಿ ಬಿಡುವುದನ್ನು ನೀರು ತಿಳಿಯಾಗುವವರೆಗೆ ಮಾಡಿ. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಯಾವುದೂ ಬೇಡ, ಹಳೆಯ ಪ್ಲಾಸ್ಟಿಕ್ ಕರಗಿಹೋಗುತ್ತದೆ.

ಮಸಿ ತುಂಬಿಸುವುದಕ್ಕೂ ಒಂದು ಕ್ರಮವಿದೆ. ಚೀಲದೊಳಗೆ ಸಪೂರ ಗಾಳಿನಳಿಗೆ ಇರುವುದರಿಂದ ಒಮ್ಮೆ ಒತ್ತಿದರೆ ಅರ್ಧವೂ ತುಂಬದು. ನಿಬ್ಬಿನ ಭಾಗ ಪೂರ್ತಿ ಮುಳುಗಿಸಿ, ಐದಾರು ಸಲ ಒತ್ತಿ ಬಿಡಿ, ಪ್ರತಿ ಸಲವೂ ಚೀಲ ಉಬ್ಬಿಕೊಳ್ಳಲು ಎರಡು ಸೆಕೆಂಡ್ ಕೊಡಿ, ಕೊನೆಯ ಸಲ ಹತ್ತು ಸೆಕೆಂಡ್ ಮಸಿಯಲ್ಲೇ ಇಡಿ. ಮೊದಲ ತಿಂಗಳು ರಾಯಲ್ ಬ್ಲೂ ಬಿಟ್ಟು ಬೇರೆ ಮಸಿ ಹಾಕಬೇಡಿ. ಚೀಲ ಸೋರುತ್ತಿದ್ದರೆ ಹಳೆಯ ಪೆನ್ನು ರಿಪೇರಿಯವರಿಗೆ ಕೊಡಿ, ಚೀಲ ಬದಲಿಸುವುದು ಅವರಿಗೆ ದೊಡ್ಡ ಕೆಲಸವಲ್ಲ.

ಪ್ರಶ್ನೆ: ನಮ್ಮ ಮಸಿಪೆನ್ನಿನಲ್ಲಿ ಬೇರೆಯವರು ಬರೆದರೆ ನಿಬ್ಬು ಕೆಡುತ್ತದೆಯೇ?
(ಅಂಚೆ ನೌಕರರು, ಮುಳ್ಳೇರಿಯ)

ಉತ್ತರ: ಒಂದು ಸಹಿ, ನಾಲ್ಕು ಸಾಲಿನಿಂದ ಕೆಡುವುದಿಲ್ಲ. ನಿಬ್ಬಿನ ಗಟ್ಟಿ ತುದಿ ನಿಮ್ಮ ಕೈಯ ಓರೆಗೆ ಒಗ್ಗಲು ವರ್ಷಗಳೇ ಬೇಕು, ಅದು ಒಂದು ದಿನದಲ್ಲಿ ಬದಲಾಗದು. ಕೆಡುವುದು ಬಾಲ್ ಪೆನ್ನಿನಂತೆ ಒತ್ತಿದಾಗ, ನಿಬ್ಬನ್ನು ತಿರುಗುಮುರುಗಾಗಿ ಹಿಡಿದಾಗ, ಮತ್ತು ಬರೆದ ಮೇಲೆ ಮುಚ್ಚಳ ಹಾಕದೆ ಮೇಜಿನ ಮೇಲೆ ಉರುಳಲು ಬಿಟ್ಟಾಗ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೇಳಿದವರಿಗೆ ಕೊಡಲು ಒಂದು ಬಾಲ್ ಪೆನ್ನು ಪಕ್ಕದಲ್ಲಿರಲಿ. ಮಸಿಪೆನ್ನನ್ನೇ ಕೊಡಬೇಕಾಗಿ ಬಂದರೆ ಮುಚ್ಚಳವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಂಡು ಕೊಡಿ. ಪೆನ್ನು ವಾಪಸು ಬರುತ್ತದೆ.